ಅಪ್ಪನ ಹೆಸರು ಹೇಳಬಹುದಾಗಿದ್ದ ಅರ್ಧ ಗಂಟೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದ ಹಿಂಬದಿಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಮಕ್ಕಳಿಗೆ ವಾರಕ್ಕೆರಡು ದಿನ, ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಗಂಟೆ, ಫ್ರೆಂಚ್ ಕಲಿಸಲಾಗುತ್ತಿತ್ತು. ದಸರಾ ರಜೆ ಮುಗಿದ ವಾರದಲ್ಲಿ ತಾವು ಅದನ್ನು ನಿಲ್ಲಿಸಿದಿರಿ. ಅದಾದ ಮೇಲೆ ಶಿವಗಂಗಾ ಎಂಬ ಏಳು ವರ್ಷದ ಹುಡುಗಿ ಮೊದಲು ಮಾತು ನಿಲ್ಲಿಸಿದಳು, ಆಮೇಲೆ ನೀರು ಕುಡಿಯುವುದನ್ನು ನಿಲ್ಲಿಸಿದಳು, ಕೊನೆಗೆ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ತಮ್ಮ ಆದೇಶದಲ್ಲಿದ್ದದ್ದು ಫ್ರೆಂಚ್ ನಿಲ್ಲಿಸಬೇಕೆಂದು ಮಾತ್ರ. ಉಳಿದವು ಯಾರ ಆದೇಶದ ಮೇರೆಗೆ ನಿಂತವು ಎಂದು ಕೇಳುವುದಕ್ಕೆ ಈ ಪತ್ರ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೇಕೆಂದು ತಾವು ಕೇಳಬಹುದು. ತೆಲುಗಿನಲ್ಲಿ ಬರೆದ ಮೊದಲ ಮನವಿ ತಮ್ಮ ಕಚೇರಿಯ ಟಪಾಲು ಮೇಜಿಗೆ ಮುಟ್ಟಿ ಬಹಳ ದಿನವಾಯಿತು. ಅದನ್ನು ಪಡೆದ ಗುಮಾಸ್ತರು ಮುದ್ರೆಯನ್ನು ಬಹಳ ಅಚ್ಚುಕಟ್ಟಾಗಿ ಒತ್ತಿದರು, ಅಷ್ಟೇ ಅಚ್ಚುಕಟ್ಟಾಗಿ ಪತ್ರವನ್ನು ಒಂದು ಕಟ್ಟಿನ ಕೆಳಗೆ ಸರಿಸಿದರು. ಆ ಕಟ್ಟಿನ ತೂಕವನ್ನು ನೋಡಿದ ಮೇಲೆ ಪತ್ರಿಕೆಯ ಮೂಲಕ ಬರೆಯುವುದೇ ವಾಸಿ ಎನ್ನಿಸಿತು. ಹುಡುಗಿಯ ಮನೆಮಾತು ಕನ್ನಡ. ಈ ಊರಿನಲ್ಲಿ ಕನ್ನಡ ಪತ್ರಿಕೆ ಓದುವ ನಾಲ್ಕು ಜನಕ್ಕಾದರೂ ಅವಳ ವಿಷಯ ತಿಳಿದಿರಲಿ.

ನಾನು ಹಿಮಾಯತ್‌ನಗರದ ನಿವಾಸಿ. ನಾಚಾರಂನ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಂಡಿದ್ದು ನಿವೃತ್ತನಾದವನು. ನಮ್ಮ ಮನೆತನ ರಾಯಚೂರಿನದು. ಚಿಕ್ಕಂದಿನಲ್ಲಿ ನನ್ನ ತಂದೆ ಕೋಠಿಯ ಅಂಗಡಿಯೊಂದರಿಂದ ಕನ್ನಡ ಪತ್ರಿಕೆ ತರುತ್ತಿದ್ದರು. ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆ ಒಮ್ಮೊಮ್ಮೆ ಮರುದಿನ ಕೈಸೇರುತ್ತಿತ್ತು. ಸುದ್ದಿ ಹಳತಾದರೆ ಚಿಂತೆಯಿಲ್ಲ, ಸುಳ್ಳಾಗಬಾರದು ಎನ್ನುತ್ತಿದ್ದರು ಅವರು. ಆದ್ದರಿಂದ ಈ ಪತ್ರದಲ್ಲಿ ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ. ತಮಗೆ ಸಂಶಯ ಬಂದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಅನ್ನಮ್ಮನವರನ್ನು ವಿಚಾರಿಸಬಹುದು. ಅವರು ಸತ್ಯ ಹೇಳುವವರು. ತಮ್ಮೆದುರು ಹೇಳಲು ಹೆದರುತ್ತಾರೆ, ಅಷ್ಟೆ.

ನನ್ನ ಅಣ್ಣನ ಮಗಳು ನಿರೀಕ್ಷಾ ಹಿಮಾಯತ್‌ನಗರದ ಖಾಸಗಿ ಶಾಲೆಯೊಂದರಲ್ಲಿ ಫ್ರೆಂಚ್ ಶಿಕ್ಷಕಿ. ಅಲ್ಲಿ ಒಂದನೆಯ ತರಗತಿಯಿಂದಲೇ ಫ್ರೆಂಚ್ ಇದೆ. ಶಾಲೆಯ ಗೇಟಿನ ಮೇಲೆ ಆ ವಿಷಯವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದಾರೆ, ಪಕ್ಕದಲ್ಲಿ ಐಫೆಲ್ ಗೋಪುರದ ಚಿತ್ರ. ಆ ಗೇಟಿನ ಮುಂದೆ ತಮ್ಮ ಇಲಾಖೆಯ ಜೀಪು ಹಾದುಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ಒಮ್ಮೆಯೂ ನಿಂತದ್ದಿಲ್ಲ. ನಿರೀಕ್ಷಾ ಬೆಳಿಗ್ಗೆ ಅಲ್ಲಿ ತೋರಿಸುತ್ತಿದ್ದ ಬೆಕ್ಕು, ಸೇಬು, ಛತ್ರಿಗಳ ಚಿತ್ರಪಟಗಳನ್ನೇ ಮಧ್ಯಾಹ್ನ ನಾಚಾರಂಗೆ ತಂದು ತೋರಿಸುತ್ತಿದ್ದಳು. ಶಿಕ್ಷಕಿ ಅವಳೇ, ಬೆಕ್ಕು ಅದೇ. ಹಿಮಾಯತ್‌ನಗರದಲ್ಲಿ ಅದು ಮಕ್ಕಳ ಭವಿಷ್ಯಕ್ಕೆ ಬುನಾದಿ, ನಾಚಾರಂ ತಲುಪುವಷ್ಟರಲ್ಲಿ ತಮ್ಮ ಆದೇಶದ ಮಾತಿನಲ್ಲಿ ‘ಮಕ್ಕಳ ಮೇಲೆ ಅನವಶ್ಯಕ ಹೊರೆ’. ಮಧ್ಯದ ರಸ್ತೆಯಲ್ಲಿ ಆ ಬೆಕ್ಕಿಗೆ ಏನಾಯಿತೋ ತಿಳಿಯದು.

ನಿರೀಕ್ಷಾ ನಾಚಾರಂ ಶಾಲೆಗೆ ಮೊದಲು ಹೋದದ್ದು ಫ್ರೆಂಚ್ ಕಲಿಸಲೆಂದಲ್ಲ, ಮಕ್ಕಳಿಗೆ ಕಥೆ ಓದಿ ಹೇಳಲು. ಅನ್ನಮ್ಮನವರೇ ಕರೆದಿದ್ದರು. ನಿರೀಕ್ಷಾಳಿಗೆ ಆ ಕಡೆಯ ದಾರಿ ಗೊತ್ತಿರಲಿಲ್ಲ, ನನಗೆ ಬೇರೆ ಕೆಲಸವಿರಲಿಲ್ಲ. ಸ್ಕೂಟರಿನ ಮೇಲೆ ಕರೆದುಕೊಂಡು ಹೋಗಿ, ಪಾಠ ಮುಗಿಯುವವರೆಗೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಆ ತರಗತಿಯಲ್ಲಿ ಮೂರು ನಾಡುಗಳಿವೆ. ಮುಂದಿನ ಸಾಲಿನಲ್ಲಿ ತೆಲುಗು ಮಾತಾಡುವ ಮಕ್ಕಳು. ನಡುವೆ ಬಿಹಾರದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮಕ್ಕಳು, ಹಿಂದಿಯವರು. ಹಿಂದೆ ಗೋಡೆಗೆ ಒರಗಿ ನಮ್ಮ ದೇವದುರ್ಗ, ಲಿಂಗಸುಗೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಯಾರೂ ಹೀಗೆ ಕೂಡಿಸಿದ್ದಲ್ಲ, ತಾವಾಗಿಯೇ ಕೂತದ್ದು. ನಿರೀಕ್ಷಾ ತೆಲುಗಿನಲ್ಲಿ ಕಥೆ ಹೇಳಿದರೆ ಮುಂದಿನ ಸಾಲು ನಗುತ್ತಿತ್ತು, ಗೋಡೆಯ ಸಾಲು ಮುಂದಿನ ಸಾಲಿನ ಮುಖ ನೋಡುತ್ತಿತ್ತು. ಹಿಂದಿಯಲ್ಲಿ ಹೇಳಿದರೆ ನಡುವಿನ ಸಾಲು. ಒಂದು ದಿನ ಕನ್ನಡದಲ್ಲಿ ಹೇಳಿ ನೋಡಿದಳು. ಗೋಡೆಯ ಸಾಲಿಗೆ ಜೀವ ಬಂತು, ಆದರೆ ಮುಂದಿನವರು ತಿರುಗಿ ನೋಡಿ ಆ ಮಾತುಗಳನ್ನು ಅಣಕಿಸಿ ನಕ್ಕದ್ದರಿಂದ ಬಂದ ಜೀವ ಹೋಯಿತು.

ವಾಪಸ್ಸು ಬರುವಾಗ ಅವಳು ಸ್ಕೂಟರಿನ ಮೇಲೆ ಹಿಂದಿನಿಂದ ಹೇಳಿದ್ದು ನನಗೆ ನೆನಪಿದೆ.

“ಕಾಕಾ, ಯಾವ ಭಾಷಾ ತೆಗದ್ರೂ ಒಬ್ಬರು ಶ್ಯಾಣ್ಯಾರು ಆಗ್ತಾರ, ಇಬ್ಬರು ದಡ್ಡರಾಗ್ತಾರ. ಎಲ್ಲಾರೂ ಕೂಡಿ ದಡ್ಡರಾಗೋ ಭಾಷಾ ಒಂದು ಬೇಕು.”

“ನಿನ್ನ ಫ್ರೆಂಚ್ ಐತೆಲ್ಲವಾ, ಅದಕ್ಕಿಂತ ಬೇಕೇನು?” ಎಂದೆ. ಚೇಷ್ಟೆಗೆ ಹೇಳಿದ ಮಾತು. ಅವಳು ಅದನ್ನೇ ಮಾಡಿದಳು.

ಮುಂದಿನ ವಾರ ಚಿತ್ರಪಟಗಳು ಬಂದವು. ಬೆಕ್ಕಿಗೆ ಫ್ರೆಂಚಿನಲ್ಲಿ ಏನೆನ್ನುತ್ತಾರೆಂಬುದು ಮುಂದಿನ ಸಾಲಿಗೂ ಗೊತ್ತಿರಲಿಲ್ಲ, ನಡುವಿನ ಸಾಲಿಗೂ ಗೊತ್ತಿರಲಿಲ್ಲ, ಗೋಡೆಯ ಸಾಲಿಗೂ ಗೊತ್ತಿರಲಿಲ್ಲ. ಯಾರೂ ಯಾರನ್ನೂ ನೋಡಿ ನಗುವಂತಿರಲಿಲ್ಲ. ಎಲ್ಲರ ನಾಲಿಗೆಯೂ ಒಂದೇ ಕಡೆ ಎಡವುತ್ತಿತ್ತು. ನಮ್ಮ ಕಡೆಯ ಮಕ್ಕಳು ಹಿರಿಯರೊಂದಿಗೆ ಮಾತಾಡುವಾಗ ‘ರೀ’ ಹಚ್ಚದೆ ಬಿಡುವುದಿಲ್ಲವಲ್ಲ, ನಮಸ್ಕಾರ ಎನ್ನುವ ಬೊಂಜೂರ್ ಪದಕ್ಕೂ ಅದನ್ನೇ ಹಚ್ಚಿ ಅವರು ‘ಬೊಂಜೂರ್‌ರೀ’ ಎಂದರು. ತೆಲುಗಿನ ಮಕ್ಕಳು ಅದೇ ಸರಿಯಾದ ರೂಪವೆಂದು ತಿಳಿದು ತಾವೂ ‘ಬೊಂಜೂರ್‌ರೀ’ ಎಂದರು. ನಿರೀಕ್ಷಾ ತಿದ್ದಲಿಲ್ಲ. ಶಾಲೆಯ ಇತಿಹಾಸದಲ್ಲಿ ಮುಂದಿನ ಸಾಲು ಹಿಂದಿನ ಸಾಲಿನಿಂದ ಏನನ್ನಾದರೂ ಕಲಿತದ್ದು ಅದೇ ಮೊದಲಿರಬೇಕು ಎಂದು ಅನ್ನಮ್ಮನವರು ನನ್ನೊಡನೆ ಹೇಳಿದರು.

ಈಗ ಶಿವಗಂಗಾಳ ವಿಷಯ. ಅವಳ ತಂದೆ ಮಾಣಿಕಪ್ಪ, ತಾಯಿ ಗುಂಡಮ್ಮ, ಇಬ್ಬರೂ ದೇವದುರ್ಗ ತಾಲ್ಲೂಕಿನವರು. ನಾಚಾರಂ ಬಳಿ ಏಳುತ್ತಿರುವ ಅಪಾರ್ಟ್‌ಮೆಂಟೊಂದರಲ್ಲಿ ಕೆಲಸ, ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಹುಡುಗಿ ಒಂದನೆಯ ತರಗತಿಗೆ ಸೇರಿದ ಹೊಸದರಲ್ಲಿ ಹೊರಗೆ ಹೋಗಬೇಕೆಂದು ಎದ್ದು ನಿಂತು ತನ್ನ ಮನೆಯ ಮಾತಿನಲ್ಲಿ ಕೇಳಿದಳಂತೆ. ಶಿಕ್ಷಕರಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಹೇಳು ಎಂದರು. ಮತ್ತೊಮ್ಮೆ ಹೇಳಿದಳು. ಮಕ್ಕಳು ನಕ್ಕರು. ಮೂರನೆಯ ಸಲ ಹೇಳುವ ಮೊದಲೇ ನಿಂತಲ್ಲೇ ಆಗಿಹೋಯಿತು. ಇದು ಅನ್ನಮ್ಮನವರಿಂದ ಕೇಳಿದ್ದು. ಅಂದಿನಿಂದ ಅವಳು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಹೊರಗೆ ಹೋಗಲು ಕೇಳುವ ಪ್ರಸಂಗವೇ ಬರಬಾರದೆಂದು ನೀರು ಕುಡಿಯುವುದನ್ನೂ ಬಿಟ್ಟಳು. ಊಟಕ್ಕೆ ಕೂತರೆ ಅನ್ನವನ್ನು ಒಣದಾಗಿ ಉಣ್ಣುತ್ತಿದ್ದಳು, ಸಾರು ಹಾಕಿಸಿಕೊಳ್ಳುತ್ತಿರಲಿಲ್ಲ. ಇದನ್ನು ನಾನೇ ನೋಡಿದ್ದೇನೆ.

ನಿರೀಕ್ಷಾ ಕಲಿಸಿದ ಮೊದಲ ವಾಕ್ಯಗಳಲ್ಲಿ ಒಂದು, ‘ನಾನು ಹೊರಗೆ ಹೋಗಲೇ?’ ಎಂಬುದು. ‘ಜ ಪೊ ಸೋರ್ತಿರ್?’ ಅದನ್ನು ಆಟದ ಹಾಗೆ ಕಲಿಸಿದಳು. ಒಬ್ಬೊಬ್ಬರಾಗಿ ಎದ್ದು ಕೈಯೆತ್ತಿ ಕೇಳುವುದು, ಹೊರಗೆ ಓಡಿಹೋಗಿ ಬೇವಿನ ಗಿಡ ಮುಟ್ಟಿ ಬರುವುದು. ಎಲ್ಲರೂ ತಪ್ಪು ಹೇಳಿದರು, ಎಲ್ಲರೂ ಗಿಡ ಮುಟ್ಟಿ ಬಂದರು. ಶಿವಗಂಗಾಳ ಸರದಿ ಬಂದಾಗ ತರಗತಿಯೆಲ್ಲ ತಿರುಗಿ ನೋಡಿತು, ಅವಳು ಮಾತಾಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಅವಳು ಎದ್ದು, ನೆಲ ನೋಡುತ್ತ, “ಜ ಪೊ ಸೋರ್ತಿರ್‌ರೀ” ಎಂದಳು. ಓಡಿಹೋದಳು. ಬೇವಿನ ಗಿಡದ ಹತ್ತಿರ ಹೋಗಲಿಲ್ಲ, ನೇರ ಶೌಚಾಲಯಕ್ಕೆ ಹೋದಳು. ತಿರುಗಿ ಬಂದವಳು ಕೈ ಒರೆಸಿಕೊಂಡು ತನ್ನ ಜಾಗದಲ್ಲಿ ಕೂತಳು. ಆ ದಿನದಿಂದ ಅವಳು ನೀರು ಕುಡಿಯತೊಡಗಿದಳು. ಬೇರೆ ಪಾಠಗಳ ಹೊತ್ತಿನಲ್ಲೂ ಅದೇ ವಾಕ್ಯ ಬಳಸಿದಳು. ಶಿಕ್ಷಕರಿಗೆ ಅದು ಅರ್ಥವಾಗುತ್ತಿತ್ತು, ಏಕೆಂದರೆ ಇಡೀ ತರಗತಿಯೇ ಹಾಗೆ ಕೇಳುತ್ತಿತ್ತು. ಒಬ್ಬಳೇ ಹುಡುಗಿಯ ಮಾತು ಅದಾಗಿ ಉಳಿದಿರಲಿಲ್ಲ.

ನಾನು ವಿಜ್ಞಾನಿಯಲ್ಲ. ಒಂದು ಮಗುವಿನ ಅನುಭವ ಅಂಕಿಅಂಶವಾಗುವುದಿಲ್ಲವೆಂದು ಬಲ್ಲೆ. ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ. ಫ್ರೆಂಚಿನಲ್ಲಿ ಬಾಯಿ ಬಿಟ್ಟ ಹುಡುಗಿ ಕೆಲವು ವಾರಗಳಲ್ಲಿ ತೆಲುಗಿನಲ್ಲಿ ಒಂದೆರಡು ಮಾತಿಗೆ ಉತ್ತರ ಕೊಟ್ಟಳು. ತೆಲುಗು ಅಕ್ಷರಗಳನ್ನು ಓದಿದಳು. ಎಡವಿದರೆ ಎಡವಬಹುದು ಎಂಬುದೊಂದು ಅವಳಿಗೆ ತಿಳಿದಂತಿತ್ತು. ಆ ಧೈರ್ಯ ಎಲ್ಲಿಂದ ಬಂತೆಂದು ತಾವೇ ಯೋಚಿಸಿ.

ಒಂದು ಭಾನುವಾರ ನಾನೂ ನಿರೀಕ್ಷಾಳೂ ಅವರ ಶೆಡ್ಡಿಗೆ ಹೋಗಿದ್ದೆವು. ಗುಂಡಮ್ಮ ರೊಟ್ಟಿ ಬಡಿಯುತ್ತಿದ್ದಳು. ಮಾಣಿಕಪ್ಪ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಏನು ಕಲಿತಿದ್ದೀ ಹೇಳು ಎಂದು ತಾಯಿ ಕೇಳಿದ್ದಕ್ಕೆ ಶಿವಗಂಗಾ ಗಿಳಿಯ ಹಾಗೆ ಒದರತೊಡಗಿದಳು. ತನ್ನ ಹೆಸರು ಹೇಳಿದಳು. ಆಮೇಲೆ “ಮೋ ಪೇರ್ ಸಪೆಲ್ ಮಾಣಿಕಪ್ಪ” ಎಂದಳು. ನನ್ನ ಅಪ್ಪನ ಹೆಸರು ಮಾಣಿಕಪ್ಪ ಎಂದು ಅರ್ಥ. ಗುಂಡಮ್ಮನ ಕೈ ನಿಂತಿತು.

“ಏ ಹುಡಿಗಿ, ಅಪ್ಪನ ಹೆಸರು ಹಿಡೀತಿಯೇನ? ನಾಲಿಗಿ ಭಾಳ ಉದ್ದ ಆಗೈತಿ.”

“ಇಲ್ಲವ್ವಾ, ಕನ್ನಡದಾಗ ಹಿಡೀಬಾರದು. ತೆಲುಗಿನ್ಯಾಗೂ ಹಿಡೀಬಾರದು. ಇದರಾಗ ಹಿಡೀಬೌದು.”

“ಯಾರು ಹೇಳ್ಯಾರ?”

“ಟೀಚರ್ ಕೇಳ್ತಾರ, ನಾವು ಹೇಳ್ತೀವಿ. ಏನೂ ಆಗಂಗಿಲ್ಲ.”

ಅಧಿಕಾರಿಗಳೇ, ತಮಗೆ ಇದು ವಿಚಿತ್ರವೆನ್ನಿಸಬಹುದು. ನಮ್ಮ ಕಡೆ ಹಳ್ಳಿಗಳಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ, ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ಅಂಥ ತಾಯಿಯ ಕೈಯಲ್ಲಿ ಬೆಳೆದ ಮಕ್ಕಳೂ ತಂದೆಯ ಹೆಸರು ಹಿಡಿಯಲು ಅಂಜುತ್ತಾರೆ. ಆದರೆ ಅದಕ್ಕೊಂದು ದಾರಿಯನ್ನೂ ಹಿರಿಯರು ಇಟ್ಟಿದ್ದಾರೆ. ಮದುವೆಯಲ್ಲಿ ಹೊಸ ಮದುವಣಗಿತ್ತಿಯನ್ನು ಬಾಗಿಲಲ್ಲಿ ತಡೆದು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಅವಳು ಪ್ರಾಸ ಹಾಕಿ ಕಟ್ಟಿದ ಎರಡು ಸಾಲಿನ ನಡುವೆ ಆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಬರಿಯ ಮಾತಿನಲ್ಲಿ ಹೇಳಲಾಗದ್ದನ್ನು ಹೇಳಲಿಕ್ಕೆಂದೇ ಮಾಡಿಟ್ಟ ಒಂದು ಸಣ್ಣ ಜಾಗ ಅದು. ಗುಂಡಮ್ಮನಿಗೆ ಮಗಳ ಫ್ರೆಂಚ್ ತಟ್ಟನೆ ಅರ್ಥವಾದದ್ದು ಹೀಗೆ.

“ಹಂಗಾರ ಇದು ಒಡಪು ಇದ್ದಂಗ ಐತಿ ಅನ್ರಿ” ಎಂದಳು ನಿರೀಕ್ಷಾಳಿಗೆ. “ನಂಗೂ ಒಂದು ಕಲಸ್ರಿ.”

ನಿರೀಕ್ಷಾ ಕಲಿಸಿದಳು: “ಮೋ ಮಾರಿ ಸಪೆಲ್ ಮಾಣಿಕಪ್ಪ.”

“ಗಂಡಗ ಮಾರಿ ಅಂತಾರೇನ್ರಿ ಅವರು? ಸರಿಯಾಗೇ ಇಟ್ಟಾರ” ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಹೊರಗೆ ಕೂತವನಿಗೆ ಕೇಳುವಂತೆ ಹೇಳಿಯೂ ಬಿಟ್ಟಳು.

ಮಾಣಿಕಪ್ಪ ತಿರುಗಿ ನೋಡಿ, “ಲಗ್ನದಾಗ ಒಡಪು ಹೇಳಿದ ಮ್ಯಾಲೆ ಇವತ್ತ ನೋಡ್ರಿ ನನ್ನ ಹೆಸರು ಈಕಿ ಬಾಯಾಗ ಬಂದಿದ್ದು. ನನಗೊಂದು ಹೆಸರು ಇರೂದು ನಾ ಮರತೇ ಬಿಟ್ಟಿದ್ದೆ” ಎಂದ.

“ಅವತ್ತಿಂದೂ ನೆನಪೈತಿ” ಎನ್ನುತ್ತ ಗುಂಡಮ್ಮ ಅದನ್ನೂ ಹೇಳಿದಳು: “ಬುಟ್ಟ್ಯಾಗ ರೊಟ್ಟಿ, ಗಡಿಗ್ಯಾಗ ಮಜ್ಜಿಗಿ, ಮಾಣಿಕಪ್ಪನ ಹೆಸರು ಹೇಳ್ತೀನಿ ಬಾಗಲಾಗ ನಿಂತ ಮಂದಿಗಿ.” ಶಿವಗಂಗಾ ಚಪ್ಪಾಳೆ ತಟ್ಟಿದಳು. ಆ ಶೆಡ್ಡಿನಲ್ಲಿ ಅಂದು ಎಲ್ಲರೂ ನಕ್ಕರು, ಯಾರ ಮೇಲೂ ನಗಲಿಲ್ಲ.

ಇಷ್ಟು ಹೇಳಿದ್ದು ತಮ್ಮ ತಪಾಸಣೆಯ ದಿನ ನಡೆದದ್ದು ತಮಗೆ ಅರ್ಥವಾಗಲೆಂದು. ಆ ದಿನ ತಾವು ಊಟದ ಹೊತ್ತಿನ ನಂತರ ಬಂದಿರಿ. ನಾನು ಹಿಂದಿನ ಬೆಂಚಿನಲ್ಲಿದ್ದೆ. ತಾವು ನನ್ನನ್ನು ಯಾವುದೋ ಮಗುವಿನ ಅಜ್ಜನೆಂದು ತಿಳಿದಿರಬೇಕು. ಗೋಡೆಯ ಸಾಲಿನತ್ತ ಬಂದು ಶಿವಗಂಗಾಳನ್ನು ಎಬ್ಬಿಸಿ ತೆಲುಗಿನಲ್ಲಿ ಹೆಸರು ಕೇಳಿದಿರಿ. ಮೆಲ್ಲಗೆ ಹೇಳಿದಳು. “ಮೀ ನಾಯನ ಪೇರೇಂಟಿ?” ಎಂದು ತಂದೆಯ ಹೆಸರು ಕೇಳಿದಿರಿ. ಸುಮ್ಮನೆ ನಿಂತಳು. ಮತ್ತೆ ಕೇಳಿದಿರಿ. ಎರಡನೆಯ ತರಗತಿಯ ಮಗುವಿಗೆ ತಂದೆಯ ಹೆಸರೂ ಗೊತ್ತಿಲ್ಲ ಎಂದು ಅನ್ನಮ್ಮನವರನ್ನು ನೋಡಿದಿರಿ. ಅನ್ನಮ್ಮನವರ ಮುಖ ಸಣ್ಣದಾಯಿತು. ಆಗ ನಿರೀಕ್ಷಾ, ಹುಡುಗಿಯನ್ನು ಉಳಿಸಬೇಕೆಂದು, ಅದೇ ಪ್ರಶ್ನೆಯನ್ನು ಫ್ರೆಂಚಿನಲ್ಲಿ ಕೇಳಿದಳು. ಶಿವಗಂಗಾ ತಲೆಯೆತ್ತಿ, ಇಡೀ ಕೋಣೆಗೆ ಕೇಳುವಂತೆ, ತಂದೆಯ ಹೆಸರು ಹೇಳಿದಳು. ಕೊನೆಗೊಂದು ‘ರೀ’ ಕೂಡ ಹಚ್ಚಿದಳು, ತಾವು ದೊಡ್ಡವರೆಂದು.

ತಾವು ನಕ್ಕಿರಿ. “ತೆಲುಗುಲೋ ರಾದು, ಫ್ರೆಂಚ್‌ಲೋ ವಸ್ತುಂದಾ? ಪ್ಯಾರಿಸ್ ಪೋತಾವಾ?” ಎಂದಿರಿ. ತೆಲುಗಿನಲ್ಲಿ ಬರುವುದಿಲ್ಲ, ಫ್ರೆಂಚಿನಲ್ಲಿ ಬರುತ್ತದೋ, ಪ್ಯಾರಿಸ್ಸಿಗೆ ಹೋಗುತ್ತೀಯೋ ಎಂದು. ತಮ್ಮೊಂದಿಗೆ ಬಂದವರು ನಕ್ಕರು. ಸಾಹೇಬರು ನಕ್ಕರೆಂದು ಮುಂದಿನ ಸಾಲು ನಕ್ಕಿತು. ಆಮೇಲೆ ನಡುವಿನದು. ತಾವು ಕ್ರೂರಿಗಳೆಂದು ನಾನು ಹೇಳುತ್ತಿಲ್ಲ. ಮಗುವಿನ ಕೆನ್ನೆ ತಟ್ಟಿಯೇ ಹೋದಿರಿ. ಬಿಸಿಲಲ್ಲಿ ಶಾಲೆಯಿಂದ ಶಾಲೆಗೆ ತಿರುಗಿ ದಣಿದ ಅಧಿಕಾರಿಯ ಒಂದು ಚೇಷ್ಟೆಯ ಮಾತು. ಆದರೆ ಫ್ರೆಂಚ್ ಶುರುವಾದ ಮೇಲೆ ಆ ನಗು ಆ ಅರ್ಧ ಗಂಟೆಯೊಳಗೆ ಕಾಲಿಟ್ಟಿರಲಿಲ್ಲ.

ದಸರಾ ರಜೆ ಮುಗಿಯುತ್ತಲೇ ಆದೇಶ ಬಂತು. ‘ಮಕ್ಕಳ ಮೇಲೆ ಅನವಶ್ಯಕ ಹೊರೆಯಾದ, ಪಠ್ಯಕ್ರಮದಲ್ಲಿಲ್ಲದ ವಿದೇಶಿ ಭಾಷೆಯ ಬೋಧನೆಯನ್ನು ಕೂಡಲೇ ನಿಲ್ಲಿಸತಕ್ಕದ್ದು. ಹೊರಗಿನ ವ್ಯಕ್ತಿಗಳನ್ನು ತರಗತಿಯೊಳಗೆ ಬಿಡತಕ್ಕದ್ದಲ್ಲ.’ ಅನ್ನಮ್ಮನವರು ಗೇಟಿನಲ್ಲೇ ನಮ್ಮನ್ನು ತಡೆದು ಅದನ್ನು ತೋರಿಸಿದರು. “ಏಂ ಚೇದ್ದಾಂ ಸರ್, ಪೈನಿಂಚಿ ಆರ್ಡರ್” ಎಂದರು. ಏನು ಮಾಡುವುದು, ಮೇಲಿನ ಆದೇಶ. ಅವರ ಕಣ್ಣಲ್ಲಿ ನೀರಿತ್ತು. ಆದರೂ ಗೇಟು ತೆರೆಯಲಿಲ್ಲ. ತಪ್ಪೆನ್ನಲಾರೆ, ಅವರಿಗೂ ನೌಕರಿ ಇದೆ.

ತಮ್ಮ ವಾದವನ್ನು ನಾನು ತಮ್ಮ ಕೊಠಡಿಯಲ್ಲಿ ಕೂತೇ ಕೇಳಿದ್ದೇನೆ. ತಾವು ನನಗೆ ಕುರ್ಚಿ ಕೊಟ್ಟಿರಿ, ಚಹಾ ತರಿಸಿದಿರಿ. “ನರಹರಿ ಗಾರೂ, ಮೀರು ಚದುವುಕುನ್ನವಾಳ್ಳು ಗದಾ. ಈ ಪಿಲ್ಲಲಕಿ ಫ್ರೆಂಚ್ ಎಂದುಕಂಡಿ?” ಎಂದಿರಿ. ಓದಿದವರಲ್ಲವೇ ನೀವು, ಈ ಮಕ್ಕಳಿಗೆ ಫ್ರೆಂಚ್ ಯಾಕೆ ಎಂದು. ರಾಜ್ಯದಲ್ಲಿ ಒಂದನೆಯ ತರಗತಿಯಿಂದ ತೆಲುಗು ಕಡ್ಡಾಯ, ಉಳಿದ ಪಾಠಗಳು ಇಂಗ್ಲಿಷಿನಲ್ಲಿ, ಇವೆರಡೇ ಈ ಮಕ್ಕಳಿಗೆ ಭಾರ, ಅದರ ಮೇಲೆ ಇದೊಂದು ಯಾಕೆ ಎಂದಿರಿ. ತಮ್ಮ ಮಾತಿನಲ್ಲಿ ಸುಳ್ಳಿಲ್ಲ. ಓದಲು ಬರೆಯಲು ಬಾರದ ಮಗುವಿಗೆ ಮೊದಲು ಓದು ಬರಹ ಬೇಕು. ನಾನೇ ಪತ್ರಿಕೆಯಲ್ಲಿ ಈ ಸುದ್ದಿ ಓದಿದ್ದರೆ ತಮ್ಮ ಪಕ್ಷವನ್ನೇ ವಹಿಸುತ್ತಿದ್ದೆ. ಫ್ರೆಂಚಿನ ಮೇಲೆ ನನಗೇನೂ ವ್ಯಾಮೋಹವಿಲ್ಲ, ಆ ಭಾಷೆ ನನಗೆ ಬರುವುದೂ ಇಲ್ಲ. ಆ ಮಕ್ಕಳಿಗೆ ಅವರ ಮನೆಮಾತಿನ ಶಿಕ್ಷಕರೊಬ್ಬರನ್ನು ಕೊಡಿ ಎಂದು ಎರಡು ವರ್ಷದ ಹಿಂದೆ ಅರ್ಜಿ ಕೊಟ್ಟವರಲ್ಲಿ ನಾನೂ ಒಬ್ಬ. ಹುದ್ದೆಯಿಲ್ಲ ಎಂಬ ಉತ್ತರ ಬಂತು. ಆ ಉತ್ತರ ಬಂದದ್ದು ಬೇಗನೆ, ಅದಕ್ಕೆ ಕೃತಜ್ಞ.

ಆದರೆ ಒಂದು ಮಾತು ಕೇಳುತ್ತೇನೆ. ಆ ಅರ್ಧ ಗಂಟೆಯನ್ನು ನಾವು ತೆಲುಗಿನಿಂದ ಕಸಿದುಕೊಂಡಿದ್ದೆವೇ? ಊಟವಾದ ಮೇಲೆ ಮಕ್ಕಳು ಅಂಗಳದಲ್ಲಿ ಕಲ್ಲಾಡುತ್ತಿದ್ದ ಹೊತ್ತು ಅದು. ಈಗ ಆ ಹೊತ್ತಿನಲ್ಲಿ ತೆಲುಗು ಓದಿಸುತ್ತಿದ್ದಾರೆಯೇ? ಇಲ್ಲ, ಮತ್ತೆ ಕಲ್ಲಾಡುತ್ತಿದ್ದಾರೆ. ಹೊರೆ ಎಂದು ತಾವು ಇಳಿಸಿದ್ದು ಯಾರ ತಲೆಯ ಮೇಲಿನದನ್ನು? ಮುಂದಿನ ಸಾಲಿನವರಿಗೆ ಅದೊಂದು ಆಟವಾಗಿತ್ತು, ಹೋಯಿತು, ಮರೆತರು. ಹಿಮಾಯತ್‌ನಗರದ ಮಕ್ಕಳಿಗೆ ಫ್ರೆಂಚ್ ಎಂಬುದು ಇರುವ ನಾಲ್ಕು ಬಾಗಿಲಿನ ಜತೆಗೆ ಐದನೆಯದು. ಶಿವಗಂಗಾಳಿಗೆ ಇದ್ದದ್ದು ಅದೊಂದೇ. ಎಲ್ಲ ಮಕ್ಕಳಿಗೂ ಒಂದೇ ನಿಯಮ ಎಂದಿರಿ. ಒಂದೇ ನಿಯಮವಾದರೆ ಆ ಐಫೆಲ್ ಗೋಪುರದ ಗೇಟಿಗೂ ಒಂದು ಆದೇಶ ಅಂಟಿಸಬೇಕಿತ್ತಲ್ಲವೇ?

ತರಗತಿ ನಿಂತ ಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ನಮಗೆ ಪ್ರವೇಶವಿರಲಿಲ್ಲ. ಅನ್ನಮ್ಮನವರಿಂದಲೂ ಗುಂಡಮ್ಮನಿಂದಲೂ ಕೇಳಿದ್ದು ಇದು. ಆ ವಾಕ್ಯವನ್ನು ಶಾಲೆಯಲ್ಲಿ ಇನ್ನು ಮುಂದೆ ಹೇಳಬಾರದೆಂದು ಮಕ್ಕಳಿಗೆ ತಿಳಿಸಲಾಯಿತು, ಆದೇಶ ಆದೇಶವೇ. ಉಳಿದ ಮಕ್ಕಳು ಹೊರಗೆ ಹೋಗಲು ತಮ್ಮ ತಮ್ಮ ಮಾತಿನಲ್ಲೋ ಸನ್ನೆಯಲ್ಲೋ ಕೇಳತೊಡಗಿದರು. ಶಿವಗಂಗಾ ಕೇಳಲಿಲ್ಲ. ಮತ್ತೆ ಒಣ ಅನ್ನ, ಮತ್ತೆ ಒಣ ಗಂಟಲು. ದೀಪಾವಳಿಯಾದ ಮೇಲೆ ಜ್ವರ ಬಂತು, ಹೊಟ್ಟೆನೋವೆಂದು ಅಳತೊಡಗಿದಳು. ಬಡಾವಣೆಯ ಸರ್ಕಾರಿ ಬಸ್ತಿ ದವಾಖಾನೆಯ ವೈದ್ಯರು ನೋಡಿ, ಮೂತ್ರದ ಸೋಂಕು, ಮಗು ನೀರು ಕುಡಿಯುತ್ತಿಲ್ಲ, ತಡೆಹಿಡಿಯುತ್ತಿದೆ ಎಂದರು. ಔಷಧಿಯಿಂದ ಗುಣವಾಯಿತು. ಶಾಲೆಗೆ ಮಾತ್ರ ಮತ್ತೆ ಹೋಗಲಿಲ್ಲ.

ಕಳೆದ ಭಾನುವಾರ ನಾವಿಬ್ಬರೂ ಶೆಡ್ಡಿಗೆ ಹೋದೆವು. ಶಿವಗಂಗಾ ಪಕ್ಕದ ಶೆಡ್ಡಿನವರ ಕೂಸನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ನಿರೀಕ್ಷಾಳನ್ನು ನೋಡಿ ಒಳಗೆ ಸರಿದಳು.

“ಯಾಕವಾ, ಟೀಚರ್ ಮ್ಯಾಲೆ ಸಿಟ್ಟೇನು?” ಎಂದು ನಾನು ಕೇಳಿದೆ.

ಗುಂಡಮ್ಮ ಹೇಳಿದಳು: “ಸಿಟ್ಟಲ್ರಿ ಯಪ್ಪಾ, ಅಂಜಿಕಿ. ಅಪ್ಪನ ಹೆಸರು ಹಿಡದಿದ್ದಕ್ಕ ಸಾಹೇಬ್ರು ಕ್ಲಾಸ್ ಬಂದ್ ಮಾಡ್ಯಾರ ಅಂತಾಳ್ರಿ. ಟೀಚರಮ್ಮನ್ನ ನಾನೇ ಓಡಿಸಿದೆ ಅಂತಾಳ. ಜ್ವರ ಬಂದಾಗೂ ಅದನ್ನ ಬಡಬಡಿಸ್ತಿದ್ಳು.”

“ಹಂಗಲ್ಲವಾ” ಎಂದು ನಿರೀಕ್ಷಾ ಒಳಗೆ ಹೋಗಿ ಅವಳ ಪಕ್ಕ ಕೂತು ಬಹಳ ಹೊತ್ತು ಹೇಳಿದಳು. ನಾನೂ ಹೇಳಿದೆ. ಮಾಣಿಕಪ್ಪ, “ನನಗೇನಾಗೇತಿ ನೋಡು, ಗಟ್ಟ್ಯಾಗೇ ಇದ್ದೀನಲ್ಲ” ಎಂದು ತೋಳು ತೋರಿಸಿದ. ಹುಡುಗಿ ಕೂಸಿನ ತಲೆಯ ಮೇಲೆ ಗದ್ದ ಇಟ್ಟು ಕೇಳಿಸಿಕೊಂಡಳು. ಕೊನೆಗೆ ಒಂದು ಮಾತು ಆಡಿದಳು. ಬಹಳ ಮೆಲ್ಲಗೆ, ಕನ್ನಡದಲ್ಲಿ:

“ನೀವಲ್ಲಲ್ರಿ ಸಾಹೇಬ್ರು.”

ನಾವು ಹೇಳಿದ್ದೇನೂ ಲೆಕ್ಕಕ್ಕಿಲ್ಲ. ನಾವು ಅವಳ ಪಕ್ಷದವರು. ನಕ್ಕವರು ನಾವಲ್ಲ, ಬಾಗಿಲು ಮುಚ್ಚಿದವರೂ ನಾವಲ್ಲ. ಅದು ಏಕೆ ಮುಚ್ಚಿತೆಂದು ಹೇಳಲು ಅಧಿಕಾರವಿರುವವರು ಯಾರೆಂಬುದು ಆ ಮಗುವಿಗೆ ಸರಿಯಾಗಿಯೇ ತಿಳಿದಿದೆ.

ಆದ್ದರಿಂದ ನನ್ನ ಬೇಡಿಕೆ ಇದು. ಆದೇಶವನ್ನು ಹಿಂದಕ್ಕೆ ಪಡೆದು ಊಟದ ನಂತರದ ಆ ಅರ್ಧ ಗಂಟೆಯನ್ನು ಮಕ್ಕಳಿಗೆ ಮರಳಿಸಿ. ನಿರೀಕ್ಷಾ ಹೊರಗಿನ ವ್ಯಕ್ತಿಯೆಂಬುದೇ ತೊಡಕಾದರೆ ಅವಳ ವಿವರಗಳನ್ನು ತಾವು ಬಯಸಿದ ರೀತಿಯಲ್ಲಿ ಪರಿಶೀಲಿಸಿ, ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿ. ಇದು ಆಗದು ಎಂದು ತಮಗೆ ಅನ್ನಿಸಿದರೆ, ಆಗಲಿ, ಅದಕ್ಕಾಗಿ ನಾನು ಇನ್ನೊಂದು ಪತ್ರ ಬರೆಯುತ್ತೇನೆ, ಅದನ್ನೂ ಅದೇ ಕಟ್ಟಿನ ಕೆಳಗೆ ಇಡಿ. ಆದರೆ ಇನ್ನೊಂದನ್ನು ಮಾತ್ರ ಮುಂದೂಡಲಾಗದು. ಆ ಕಟ್ಟಡದ ಕೆಲಸ ಮುಗಿಯುತ್ತ ಬಂದಿದೆ. ಸಂಕ್ರಾಂತಿಗೆ ಊರಿಗೆ ಹೋಗಿ ಬಂದ ಮೇಲೆ ಮಾಣಿಕಪ್ಪನನ್ನು ಮೇಸ್ತ್ರಿ ಬೇರೆ ಕಡೆಗೆ ಒಯ್ಯುತ್ತಾನೆ, ಎಲ್ಲಿಗೆಂದು ಅವನಿಗೇ ಗೊತ್ತಿಲ್ಲ. ಅಲ್ಲಿ ಹತ್ತಿರದಲ್ಲಿ ಶಾಲೆ ಇರಬಹುದು. ಈ ಭಯವನ್ನು ಹೊತ್ತುಕೊಂಡು ಅವಳು ಅದರ ಗೇಟು ದಾಟುವುದಿಲ್ಲ.

ತಾವು ಒಮ್ಮೆ ಆ ಶೆಡ್ಡಿಗೆ ಬರಬೇಕು. ಜೀಪು ಅಲ್ಲಿಯವರೆಗೆ ಬರುತ್ತದೆ, ರಸ್ತೆ ಚೆನ್ನಾಗಿದೆ. ಭಾಷಣ ಬೇಡ, ಉಡುಗೊರೆ ಬೇಡ. ತರಗತಿಯನ್ನು ನಿಲ್ಲಿಸಿದ್ದು ನಾನು, ನೀನು ಯಾವ ತಪ್ಪನ್ನೂ ಮಾಡಲಿಲ್ಲ, ನೀನು ಹೇಳಿದ್ದು ಸರಿಯಾಗಿತ್ತು ಎಂದು ಅವಳಿಗೆ ಹೇಳಬೇಕು. ತೆಲುಗಿನಲ್ಲೇ ಹೇಳಿ. ಅವಳಿಗೆ ತೆಲುಗು ತಿಳಿಯುತ್ತದೆ. ತಾವು ತಿಳಿದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ತಿಳಿಯುತ್ತದೆ.

ಇಂತಿ,
ನಾಲ್ಕು ಭಾಷೆಗಳಲ್ಲಿ ಮನವಿ ಬರೆಸಬಲ್ಲ, ಒಂದು ಮಗುವನ್ನು ನಂಬಿಸಲಾರದ,
ನರಹರಿ
ಹಿಮಾಯತ್‌ನಗರ, ಹೈದರಾಬಾದ್